ನಾಯಿಯ ಮೈಯಲ್ಲಿ ತಂಬಾಕಿನ ವಾಸನೆ

ಇದನ್ನು ಬರೆಯಲು ಕೂತಾಗಲೆಲ್ಲ ಏನಾದರೂ ಕೆಲಸ ನೆನಪು ಮಾಡಿಕೊಂಡು ಎದ್ದು ಹೋಗುತ್ತಿದ್ದೆ. ಇವತ್ತು ಏಳುವುದಿಲ್ಲ.

ಚಿಕ್ಕೋಡಿಯಲ್ಲಿ ಸ್ವಂತ ದವಾಖಾನೆ ಇಟ್ಟಿದ್ದ ನಮ್ಮ ದನದ ಡಾಕ್ಟರು, ರೋಗ ಯಾವುದೆಂದು ಮೊಬೈಲಿನಲ್ಲೇ ಹುಡುಕಿಕೊಂಡು ಬಂದವರ ಮೊಬೈಲಿಗೇ ಮೊದಲು ಸ್ಟೆತಾಸ್ಕೋಪ್ ಇಡುತ್ತಿದ್ದರು. ಕಣ್ಣು ಮುಚ್ಚಿ ಕೇಳಿ, "ಇವರು ಆರಾಮ ಅದಾರ. ಈಗ ನಾಯಿ ತೋರಸ್ರಿ," ಎನ್ನುವರು. ಒಬ್ಬಾಕೆ ಬೆಕ್ಕನ್ನು ಎತ್ತಿಕೊಂಡು, "ಮೊಬೈಲಿನಾಗ ಕ್ಯಾನ್ಸರ್ ಅಂತ ಬಂದೈತ್ರಿ," ಎಂದು ಅಳುತ್ತ ಬಂದಳು. ಡಾಕ್ಟರು ಬೆಕ್ಕಿನ ಗಂಟಲಿಂದ ಮೀನಿನ ಮುಳ್ಳು ಕಿತ್ತು ಅವಳ ಅಂಗೈಗಿಟ್ಟರು: "ತಗೋರಿ ಅಕ್ಕಾರ, ನಿಮ್ಮ ಕ್ಯಾನ್ಸರ್."

ಆದರೆ ಯಾರನ್ನೂ ಬೈಯುತ್ತಿರಲಿಲ್ಲ. "ನೋಡಬ್ಯಾಡ್ರಿ ಅಂದ್ರ ಕೇಳಾಂಗಿಲ್ಲ ನೀವು. ನೋಡ್ರಿ. ನೋಡಿ ಏನ್ ಮಾಡಿದ್ರಿ, ಅದನ್ನಷ್ಟು ನನ್ನ ಮುಂದ ಮುಚ್ಚಬ್ಯಾಡ್ರಿ."

ನಾನು ಮುಚ್ಚಿದೆ.

ನಮ್ಮ ನಾಯಿ ರಾಜಾನಿಗೆ ಉಣ್ಣಿ ಹತ್ತಿದ್ದವು. ಮೊಬೈಲಿನಲ್ಲಿ ಮರಾಠಿ ವಿಡಿಯೋದವನು ಬಕೆಟ್ ನೀರಿಗೆ ಒಂದು ಚಿಟಿಕೆ ತಂಬಾಕು ಅಂದ. ನಾನು ಬೇಡಕಿಹಾಳದವನು, ನಿಪ್ಪಾಣಿ ತಂಬಾಕಿನ ನಡುವೆ ಬೆಳೆದವನು. ಚಿಟಿಕೆ ಹಾಕುವುದು ಅವಮಾನವೆನಿಸಿ ಬೊಗಸೆ ತುಂಬ ಹಾಕಿ ಮೈ ತೊಳೆದೆ. ಮೈ ನೆಕ್ಕಿಕೊಂಡ ನಾಯಿ ವಾಂತಿ ಮಾಡಿ, ಜೊಲ್ಲು ಸುರಿಸುತ್ತ ನಡುಗತೊಡಗಿತು. ವಾಸನೆ ತಿಳಿಯದಿರಲೆಂದು ಮೊಮ್ಮಗಳ ಪೌಡರ್ ಬಳಿದು ದವಾಖಾನೆಗೆ ಒಯ್ದೆ.

"ಏನರ ಹಚ್ಚೀರೇನ್ರಿ?"

"ಪೌಡರ್ ಅಷ್ಟರಿ."

ವಾಂತಿಗೆ ಸೂಜಿ ಮಾಡಿ ಕಳಿಸಿದರು. ಮನೆಗೆ ಬಂದದ್ದೇ ನಾಯಿ ಕುಸಿಯಿತು. "ಏನ್ ಮಾಡಿದ್ರಿ ಇದಕ್ಕ?" ಎಂದು ಹೆಂಡತಿ ಕೇಳಿದಾಗ, "ಆ ಡಾಕ್ಟರ್ ತಪ್ಪು ಸೂಜಿ ಮಾಡ್ಯಾನ," ಅಂದುಬಿಟ್ಟೆ. ಅದನ್ನೇ ಊರಿನ ಮೊಬೈಲ್ ಗ್ರೂಪಿಗೂ ಹಾಕಿದೆ.

ನಾನು ಬರೆದದ್ದನ್ನು ಯಾರೋ ತೋರಿಸಿದರಂತೆ, ಡಾಕ್ಟರು ಸಂಜೆಗೇ ಬೈಕ್ ಏರಿ ಬಂದರು. ನಾಯಿಯ ಕುತ್ತಿಗೆ ಮೂಸಿದರು.

"ಅಜ್ಜಾರ, ನಿಮ್ಮ ನಾಯಿ ಬೀಡಿ ಸೇದ್ತೈತೇನ್ರಿ?"

ಅವರು ಪ್ಯಾಂಟು ಮಡಚಿ, ಸೋಪು ಹಚ್ಚಿ ತಾವೇ ತಿಕ್ಕಿ ತೊಳೆದರು, ಸಲೈನ್ ಏರಿಸಿದರು. ನಾಯಿ ಉಳಿಯಿತು.

ಅವರ ಹೆಸರು ಉಳಿಯಲಿಲ್ಲ. ಸುದ್ದಿ ಅಲಖನೂರದವರೆಗೂ ಹೋಗಿ "ನಾಯಿ ಕೊಂದ ಡಾಕ್ಟರ್" ಅಂತಾಯಿತು. ಹಾಗೆ ಅನ್ನುವವರ ಕಾಲುಗಳ ನಡುವೆಯೇ ರಾಜಾ ಬಾಲ ಆಡಿಸುತ್ತ ತಿರುಗುತ್ತಿದ್ದ. ಗ್ರೂಪಿಗೆ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಬೆರಳು ಏಳಲಿಲ್ಲ. ದವಾಖಾನೆಗೆ ಬರುವವರು ಕಡಿಮೆಯಾದರು.

ದವಾಖಾನೆ ಮುಚ್ಚಿ ಅವರು ಅಥಣಿಗೆ ಹೊರಟ ದಿನ ತಪ್ಪು ಒಪ್ಪಿಕೊಳ್ಳಲೆಂದೇ ಹೋದೆ. ಟೆಂಪೋಕ್ಕೆ ಮೇಜು ಏರಿಸುತ್ತಿದ್ದರು. "ಬರ್ರಿ ಅಜ್ಜಾರ, ಸ್ವಲ್ಪ ಕೈ ಹಚ್ರಿ," ಅಂದರು. ಹಚ್ಚಿದೆ. ಮೇಜು ಏರಿತು, ಟೆಂಪೋ ಹೋಯಿತು. ನಾನು ಕೈ ಒರೆಸಿಕೊಳ್ಳುತ್ತ ನಿಂತೆ.

ಊರವರೇ, ಅವತ್ತು ನಾನು ಗ್ರೂಪಿನಲ್ಲಿ ಬರೆದದ್ದು ಸುಳ್ಳು. ನನ್ನ ನಾಯಿಯನ್ನು ಬದುಕಿಸಿದವರು ಡಾಕ್ಟರ್ ಶ್ರೀಪಾಲ.