ಕುಕ್ ಟೌನಿನ ಫ್ರೆಂಚ್ ಬೀರು

ಮನೆಯ ಬೀರು ತಾನಾಗಿಯೇ ಕಿರುಗುಟ್ಟಿತು ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತಿತ್ತು. ಹಳೆಯ ಮರದ ಸಾಮಾನು ರಿಪೇರಿ ಮಾಡಿ ಪಾಲಿಶ್ ಹಾಕುವುದು ನನ್ನ ಕೆಲಸ. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಸದ್ದು ಮಾಡದೆ ಇನ್ನೇನು ಮಾಡೀತು? ದೆವ್ವ ಗಿವ್ವ ಎಂದವರಿಗೆ ಇಷ್ಟು ಹೇಳಿ, ಚಹಾ ಕುಡಿಸಿ ಕಳಿಸುತ್ತಿದ್ದೆ. ಈಗ ನಾನೇ ಹೇಳಲು ಕೂತಿದ್ದೇನೆ. ನೀವು ನಕ್ಕರೆ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ ಕುಕ್ ಟೌನಿನ ಸ್ಟೆಲ್ಲಾ ಮೇಡಂ ಒಂದು ಬೀರುವನ್ನು ಶಿವಾಜಿನಗರದ ನನ್ನ ಅಂಗಡಿಗೆ ಕಳಿಸಿದರು. ಸೊಂಟದೆತ್ತರದ್ದು, ಮೂರು ಡ್ರಾಯರ್‌ಗಳದ್ದು. ಹದಿನೆಂಟನೇ ಶತಮಾನದಲ್ಲಿ ಫ್ರಾನ್ಸಿನಲ್ಲಿ ಮಾಡಿದ್ದಂತೆ. ಅವರ ಮುತ್ತಜ್ಜ ಪುದುಚೇರಿಯಿಂದ ತಂದಿದ್ದರು. ಮನೆಗೆ ಬಣ್ಣ ಹೊಡೆಸುವಾಗ ಕೆಳಗಿನ ಡ್ರಾಯರಿನ ಬೀಗದಕೈ ಕಳೆದಿತ್ತು. ಒಳಗಿದ್ದದ್ದು ಅವರ ತಾಯಿ ಹೊಲಿದ ಪುಟ್ಟ ಬಿಳಿ ಫ್ರಾಕು. ಆ ಮನೆಯ ಮಕ್ಕಳಿಗೆಲ್ಲ ಅದನ್ನು ತೊಡಿಸಿಯೇ ಚರ್ಚಿನಲ್ಲಿ ಜ್ಞಾನಸ್ನಾನ ಮಾಡಿಸುವುದು. ಬರುವ ಭಾನುವಾರ ಮೊಮ್ಮಗಳ ಸರದಿ.

ಕೀ ಮಾಡುವವರಿಬ್ಬರು ಬಂದು ಕೈಚೆಲ್ಲಿದರು. ಹಿಂದಿನ ಹಲಗೆ ಬಿಚ್ಚಲು ಹೋದರೆ ಸೀಳುವಂತಿತ್ತು. ಮೇಡಂ ಫೋನಿನಲ್ಲಿ, “ಆಗ್ದಿದ್ರೆ ಕೊಯ್ದ್ಬಿಡಿ. ಬೀರು ಹಾಳಾದ್ರೂ ಪರ್ವಾಗಿಲ್ಲ, ನನಗೆ ಫ್ರಾಕ್ ಬೇಕು” ಎಂದರು. ಅಷ್ಟು ಚೆಂದದ ಕೆಲಸಕ್ಕೆ ಗರಗಸ ಇಡಲು ನನಗೆ ಮನಸ್ಸಿರಲಿಲ್ಲ. ಬೇರೆ ದಾರಿಯೂ ಇರಲಿಲ್ಲ.

ಮಾರನೆಯ ದಿನ ಆಯುಧಪೂಜೆ. ಅಂದು ನಾವು ಉಪಕರಣಗಳನ್ನು ಕೆಲಸಕ್ಕೆ ಎತ್ತುವುದಿಲ್ಲ. ಉಳಿ, ಬಾಚಿ, ಗರಗಸವನ್ನೆಲ್ಲ ತೊಳೆದು ಕುಂಕುಮ ಹಚ್ಚಿ ಹೂವಿಟ್ಟೆವು. ನಾನು ಊದುಬತ್ತಿ ಹಚ್ಚುವಷ್ಟರಲ್ಲಿ, ಕಲಬುರಗಿ ಕಡೆಯವಳಾದ ನನ್ನ ಹೆಂಡತಿ ಶರಣಮ್ಮ ಬೀರುವಿನ ಆ ಬೀಗದ ಮೇಲೂ ದಪ್ಪಗೆ ಕುಂಕುಮ ಹಚ್ಚಿಬಿಟ್ಟಿದ್ದಳು. ಹಳೆಯ ಪಾಲಿಶ್ ಮೇಲೆ ಕುಂಕುಮ ಕೂತರೆ ಕಲೆ ಹೋಗುವುದಿಲ್ಲ. ರೇಗಿದೆ.

“ಕೊಯ್ಯೋ ಗರಗಸಕ್ಕ ಹಚ್ಚೀವಿ. ಕೊಯ್ಸಿಕೊಳ್ಳೋದಕ್ಕ ಹಚ್ಚಬಾರದೇನ್ರೀ?” ಎಂದಳು.

ಇಬ್ಬರೂ ಷಟರ್ ಎಳೆದು ಬೀಗ ಹಾಕಿ ಹಲಸೂರಿನ ಮನೆಗೆ ಹೋದೆವು. ಷಟರಿನ ಬೀಗದಕೈ ಇರುವುದು ಒಂದೇ, ಅದು ನನ್ನ ಜೇಬಿನಲ್ಲಿತ್ತು.

ಬೆಳಿಗ್ಗೆ ಬಂದು ಷಟರ್ ಎತ್ತಿದರೆ, ಕೆಳಗಿನ ಡ್ರಾಯರ್ ಒಂದು ಗೇಣು ಹೊರಗೆ ಬಂದಿತ್ತು. ಉಪಕರಣಗಳ ಮೇಲಿನ ಹೂವು ಕೂಡ ಅಲುಗಿರಲಿಲ್ಲ. ಮರ ಕುಗ್ಗಿರಬೇಕು ಎಂದುಕೊಂಡೆ. ಬಗ್ಗಿ ನೋಡಿದೆ. ಬೀಗದ ಕಬ್ಬಿಣದ ನಾಲಿಗೆ ಇನ್ನೂ ಮೇಲೆದ್ದೇ ಇತ್ತು, ಅಂದರೆ ಬೀಗ ಬಿದ್ದೇ ಇತ್ತು. ಡ್ರಾಯರನ್ನು ತಳ್ಳಿದರೆ ನಾಲಿಗೆ ಚೌಕಟ್ಟಿಗೆ ತಾಗಿ ಒಳಗೆ ಹೋಗಲೊಲ್ಲದು. ಚೌಕಟ್ಟಿನಲ್ಲಿ ಒಂದು ಗೀರೂ ಇಲ್ಲ. ಒಳಗೆ ಹೋಗದ್ದು ಹೊರಗೆ ಬಂದದ್ದು ಹೇಗೆ? ಹೆದರಿಕೆಗಿಂತ ಸಮಾಧಾನವೇ ಹೆಚ್ಚಾಗಿತ್ತು. ಇನ್ನು ಗರಗಸ ಎತ್ತಬೇಕಾಗಿರಲಿಲ್ಲವಲ್ಲ.

ಬೇವಿನ ಒಣ ಎಲೆಗಳ ನಡುವೆ ಫ್ರಾಕು ಬೆಳ್ಳಗೆ, ಮಡಿಸಿಟ್ಟ ಹಾಗೆಯೇ ಇತ್ತು.

ಭಾನುವಾರ ಮೇಡಂ ನಮ್ಮಿಬ್ಬರನ್ನೂ ಚರ್ಚಿಗೆ ಕರೆದಿದ್ದರು. ಮಗು ಅದನ್ನು ತೊಟ್ಟು ಹಾಯಾಗಿ ನಿದ್ದೆ ಮಾಡುತ್ತಿತ್ತು. ಮೇಡಂ ನನ್ನ ಕೈ ಹಿಡಿದು ನೆಂಟರಿಗೆಲ್ಲ ತೋರಿಸಿ, “ಇವರೇ ನೋಡಿ, ಒಂದು ಗೀರೂ ಬೀಳದ ಹಾಗೆ ತೆಗೆದ್ರು” ಎಂದರು. ಶರಣಮ್ಮ ನನ್ನ ಮುಖ ನೋಡಿದಳು. ನಾನು ಹೌದೆಂಬಂತೆ ತಲೆಯಾಡಿಸಿದೆ.

ತೆಗೆದವನು ನಾನಲ್ಲ ಎಂದು ಅವರಿಗೆ ಇವತ್ತಿನವರೆಗೂ ಹೇಳಿಲ್ಲ. ಹೇಳಬಹುದು. ಹಾಗಾದರೆ ಯಾರು ಎಂದು ಅವರು ಕೇಳಿದರೆ?