ಗುಂಡಿಗೆ ಹಚ್ಚಿದ ಗಂಧ

ಅಮೆರಿಕದ ರಾಲಿ ನಗರದ ಹತ್ತಿರದ ಶೂಟಿಂಗ್ ಸ್ಪರ್ಧೆಯಲ್ಲಿ ಎರಡನೇ ಗುಂಡು ನನ್ನ ಹೊಸ ಪಿಸ್ತೂಲಿನೊಳಗೇ ಸಿಕ್ಕಿಕೊಂಡಿತು. ಪಿಸ್ತೂಲು, ಅದನ್ನು ಸಿಕ್ಕಿಸುವ ಸೊಂಟದ ಪಟ್ಟಿ ಎರಡನ್ನೂ ಪರೀಕ್ಷಿಸಲು ಬಂದಿದ್ದೆ. ಎಲ್ಲ ಸರಿಯಾಗಿ ನಡೆದರೆ ಕ್ಲಬ್ಬಿಗೆ ಸೇರಿಸಿಕೊಳ್ಳುತ್ತೇವೆ ಎಂದು ಸ್ಪರ್ಧೆ ನಡೆಸುವವರು ಹೇಳಿದ್ದರು. ಪಕ್ಕದಲ್ಲಿ ಟೈಮರ್ ಹಿಡಿದು ನಿಂತಿದ್ದ, ಟೋಪಿ ಹಾಕಿದ ಹೆಂಗಸು ಪಿಸ್ತೂಲು ಖಾಲಿ ಮಾಡಿಸಿದರು. ಕೆಳಗೆ ಬಿದ್ದ ಗುಂಡನ್ನು ಎತ್ತಿ ನೋಡಿದರು. ಅದರ ಮೇಲೆ ಒಣಗಿದ ಗಂಧ, ಕುಂಕುಮ.

“ಆಯುಧಪೂಜೆ ಮಾಡಿದ್ಯೇನೋ?”

ಅಚ್ಚ ಮೈಸೂರು ಕನ್ನಡ!

“ಹೂಂ ಆಂಟಿ. ಒಂದೊಂದು ಗುಂಡಿಗೂ.”

“ದಡ್ಡ! ಗಂಧ ಮೆತ್ತಿದ್ರೆ ಗುಂಡು ಒಳಗೆ ಹೇಗೋ ಕೂರತ್ತೆ? ಈ ರೌಂಡ್ ಹೋಯ್ತು. ಎಲ್ಲಾ ಕ್ಲೀನ್ ಮಾಡ್ಕೊಂಡು ಮುಂದಿನ್ ರೌಂಡಿಗೆ ಬಾ.”

ಒರೆಸಿಕೊಂಡು ಹೋದೆ. ಒಂದು ಗುಂಡೂ ಸಿಕ್ಕಿಕೊಳ್ಳಲಿಲ್ಲ.

ಮುಂದಿನ ಭಾನುವಾರವೂ ಬಾ ಎಂದಿದ್ದಾರೆ ಆಂಟಿ. ನನ್ನ ಗುರಿ ಇನ್ನೂ ಸುಧಾರಿಸಬೇಕು. ಆದರೆ ಬೈಸಿಕೊಂಡು ಇಷ್ಟು ಖುಷಿಯಾಗಿ ಮನೆಗೆ ಬಂದಿದ್ದು ಇದೇ ಮೊದಲು.