ಚೆಂಡಿಲ್ಲದೆ ಓಡುವವನು

ಬೆಳಗಿನ ಐದೂಮುಕ್ಕಾಲು. ಮೈದಾನದ ಹಿಂಬದಿಯ ಕಬ್ಬಿಣದ ಗೇಟು ಅರ್ಧ ತೆರೆದಿದೆ. ಪಂದ್ಯಗಳೆಲ್ಲ ಮುಗಿದು ಹನ್ನೆರಡು ದಿನವಾಯಿತು. ಗೋಲಿನ ಬಲೆ ಬಿಚ್ಚಿ ಸುತ್ತಿಟ್ಟಿದ್ದಾರೆ, ಜಾಹೀರಾತಿನ ಹಲಗೆಗಳನ್ನು ಗೋಡೆಗೆ ಒರಗಿಸಿದ್ದಾರೆ. ಒಳಗೆ ಒಬ್ಬನೇ ಒಬ್ಬ ಓಡುತ್ತಿದ್ದಾನೆ. ಗೋಲಿನ ಮುಂದೆ ನಾಲ್ಕು ಪ್ಲಾಸ್ಟಿಕ್ ಕುರ್ಚಿ ಸಾಲಾಗಿ ಇಟ್ಟುಕೊಂಡಿದ್ದಾನೆ. ಎರಡನೇ ಕುರ್ಚಿಯ ಬೆನ್ನಿಗೆ ನಿಲ್ಲುತ್ತಾನೆ, ಎಡಕ್ಕೆ ಎರಡು ಹೆಜ್ಜೆ ಹಾಕಿದ ಹಾಗೆ ಮಾಡುತ್ತಾನೆ, ಗಕ್ಕನೆ ತಿರುಗಿ ಬಲಗಡೆಯ ಕಂಬದತ್ತ ನುಗ್ಗಿ ನಿಲ್ಲುತ್ತಾನೆ. ಉಸಿರು ಬಿಡುತ್ತಾ ವಾಪಸ್ ನಡೆದು ಬರುತ್ತಾನೆ. ಮತ್ತೆ ಅದೇ. ನಾನು ಎಣಿಸಿದೆ, ನಲವತ್ತು ಸಲ.

ಚೆಂಡು ಎಲ್ಲಿ ಅಂತ ಕೇಳುತ್ತೇನೆ. ಅಂಗಿಯ ತುದಿಯಲ್ಲಿ ಮುಖ ಒರೆಸಿಕೊಂಡು ನಗುತ್ತಾನೆ. "ಚೆಂಡು ಬೇಡ ಸರ್. ಮ್ಯಾಚಲ್ಲೂ ಅದು ನನ್ ಹತ್ರ ಬರೋದು ಅಷ್ಟಕ್ಕಷ್ಟೇ."

ಇವನಿಗೆ ಇಪ್ಪತ್ತೆರಡು ವರ್ಷ. ವೃತ್ತಿ, ಫುಟ್‌ಬಾಲ್. ಸ್ಥಾನ, ಫಾರ್ವರ್ಡ್. ಅಂದರೆ ಗೋಲು ಹೊಡೆಯಬೇಕಾದವನು. ನಾಲ್ಕು ವರ್ಷದ ಆಟದಲ್ಲಿ ಇವನು ಹೊಡೆದ ಗೋಲು ಮೂರು. ಪ್ರೇಕ್ಷಕರು ಇಟ್ಟಿರುವ ಹೆಸರು 'ಸೊನ್ನೆ'. ಕಳೆದ ವಾರ ಕ್ಲಬ್ಬು ಇವನ ಕರಾರು ಮುಂದುವರಿಸುವುದಿಲ್ಲ ಎಂದಿದೆ. ಬರುವ ಬುಧವಾರ ಇನ್ನೊಂದು ಊರಿನ, ಇನ್ನೂ ಕೆಳಗಿನ ದರ್ಜೆಯ ಕ್ಲಬ್ಬಿನವರು ಅರ್ಧ ದಿನ ಆಡಿಸಿ ನೋಡುತ್ತಾರೆ. ಅಲ್ಲೂ ಬೇಡ ಅಂದರೆ ಇವನ ಆಟ ಅಲ್ಲಿಗೆ ಮುಗಿಯಿತು. ಮೀಸೆ ಸರಿಯಾಗಿ ದಟ್ಟವಾಗುವ ಮೊದಲೇ ನಿವೃತ್ತಿ.

ಈ ಪುಟದಲ್ಲಿ ತಣ್ಣಗೆ ಬರೆಯುವುದು ರೂಢಿ. ಈ ವಾರ ಅದು ನನ್ನ ಕೈಲಾಗದು. ನನಗೆ ಸಿಟ್ಟು ಬಂದಿದೆ, ಅದರಲ್ಲಿ ಅರ್ಧ ನನ್ನ ಮೇಲೆಯೇ. ಇವನ ಬಗ್ಗೆ ಈ ಪತ್ರಿಕೆಯಲ್ಲಿ ಆರು ಸಲ ಬರೆದವನು ನಾನೇ. ಆರೂ ಸಲ ಹತ್ತಕ್ಕೆ ಮೂರು ಅಂಕ ಕೊಟ್ಟಿದ್ದೇನೆ. ಒಂದು ಸಲ 'ಮೈದಾನದಲ್ಲಿ ವಾಕಿಂಗ್ ಬಂದವರಂತಿದ್ದರು' ಅಂತ ಚಮತ್ಕಾರ ಬೇರೆ ಮಾಡಿದ್ದೆ. ಅದನ್ನು ಬರೆದ ದಿನ ಅವನ ಹಣೆಗೆ ನಾಲ್ಕು ಹೊಲಿಗೆ ಬಿದ್ದಿತ್ತು ಅನ್ನುವುದು ನನಗೆ ಗೊತ್ತಾದದ್ದು ಈಗ.

ಇವನ ಕೆಲಸ ಏನು ಅಂತ ಸರಳವಾಗಿ ಹೇಳುತ್ತೇನೆ. ಚೆಂಡು ಬಲಬದಿಯಿಂದ ಗೋಲಿನ ಮುಂದಕ್ಕೆ ಬರುವ ಹೊತ್ತಿಗೆ ಇವನು ಹತ್ತಿರದ ಕಂಬಕ್ಕೆ ನುಗ್ಗುತ್ತಾನೆ, ಗೋಲು ಹೊಡೆದೇ ಬಿಡುತ್ತಾನೆ ಅನ್ನುವ ಹಾಗೆ. ಎದುರಾಳಿ ಡಿಫೆಂಡರುಗಳು ಹೆದರಿ ಹಿಂದೆ ಬರುತ್ತಾರೆ, ಒಬ್ಬ, ಕೆಲವು ಸಲ ಇಬ್ಬರು. ಅವರು ಬಿಟ್ಟುಬಂದ ಜಾಗ ನಡುವೆ ಖಾಲಿ ಬೀಳುತ್ತದೆ. ಅಲ್ಲಿಗೆ ಇನ್ನೊಬ್ಬ ಬಂದು ಆರಾಮಾಗಿ ಗೋಲು ಹೊಡೆಯುತ್ತಾನೆ. ಬೊಬ್ಬೆ, ಅಪ್ಪುಗೆ, ಫೋಟೊ ಎಲ್ಲ ಆ ಇನ್ನೊಬ್ಬನಿಗೆ. ಆ ಹೊತ್ತಿಗೆ ಇವನು ಕಂಬದ ಪಕ್ಕ ಇಬ್ಬರು ದಢೂತಿ ಡಿಫೆಂಡರುಗಳ ಅಡಿಯಲ್ಲಿ ಬಿದ್ದಿರುತ್ತಾನೆ. ಅಟ್ಟವರನ್ನು ಮರೆತು ಬಡಿಸಿದವರನ್ನು ಹೊಗಳುವುದು ನಮಗೆ ಹೊಸತೇನಲ್ಲ.

ಇದನ್ನು ಇವನು ತಾನಾಗಿ ಆರಿಸಿಕೊಂಡದ್ದಲ್ಲ. ಹದಿನೈದನೇ ವಯಸ್ಸಿನಲ್ಲಿ ಕ್ಲಬ್ಬಿನ ಕಿರಿಯರ ತಂಡಕ್ಕೆ ಒಂದೇ ವರ್ಷದಲ್ಲಿ ಮೂವತ್ತೊಂದು ಗೋಲು ಹೊಡೆದಿದ್ದ. ಅವನ ತಾಯಿ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುತ್ತಾರೆ. ಬಿಸಿ ಉರುಳೆಗಳ ನಡುವೆ ಹಾಸಿಗೆ ಬಟ್ಟೆ ತೂರಿಸಿ ಇಸ್ತ್ರಿ ಮಾಡುವ ಯಂತ್ರದ ಮುಂದೆ ದಿನಕ್ಕೆ ಒಂಬತ್ತು ಗಂಟೆ ನಿಲ್ಲುವ ಕೆಲಸ. ಆ ಮೂವತ್ತೊಂದು ಗೋಲುಗಳನ್ನೂ ಅವರು ಅಡುಗೆಮನೆಯ ಬಾಗಿಲ ಹಿಂದೆ ಪೆನ್ಸಿಲ್ಲಿನಲ್ಲಿ ಗೀಟು ಹಾಕಿ ಇಟ್ಟಿದ್ದಾರೆ. ಇವತ್ತಿಗೂ ಅಳಿಸಿಲ್ಲ, ಬಾಗಿಲಿಗೆ ಬಣ್ಣ ಹೊಡೆಸಿದಾಗಲೂ ಅಷ್ಟು ಜಾಗ ಬಿಡಿಸಿದ್ದಾರೆ.

ಹದಿನೇಳಕ್ಕೆ ಬಂದಾಗ ಕಿರಿಯರ ಕೋಚ್ ಇವನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರಂತೆ. ಗೋಲು ಹೊಡೆಯೋರು ಬೀದಿಗೊಬ್ಬರು ಸಿಗುತ್ತಾರೆ, ನಿನ್ನ ಹಾಗೆ ಜಾಗ ಓದುವವನು ಸಿಗೋಲ್ಲ, ನೀನು ಎಳೆದುಕೊಂಡು ಹೋಗು, ಉಳಿದವರು ಹೊಡೀತಾರೆ, ತಂಡ ನಿನ್ನನ್ನು ಕೈಬಿಡೋದಿಲ್ಲ ಅಂದರಂತೆ. ಇವನು ತಲೆಯಾಡಿಸಿದ. ದೊಡ್ಡವರು ಹೇಳಿದ ಮೇಲೆ ಮುಗಿಯಿತು. ಅವತ್ತಿನಿಂದ ಸಂಜೆಯ ಅಭ್ಯಾಸದಲ್ಲಿ ಇವನಿಗೆ ಚೆಂಡು ಒದೆಯುವುದನ್ನೇ ಕಡಿಮೆ ಮಾಡಿಸಿದರು. ಕುರ್ಚಿ ಇಟ್ಟು ಓಡಿಸಿದರು. ಅದೇ ಕುರ್ಚಿಗಳು ಇವು.

ಹದಿನೆಂಟಕ್ಕೆ ಕರಾರಾಯಿತು. ಹತ್ತೊಂಬತ್ತಕ್ಕೆ ಬಂದರಿನ ಊರಿನ ತಂಡಕ್ಕೆ ಒಂದು ವರ್ಷ ಎರವಲು ಕಳಿಸಿದರು. ಟೈರ್ ಅಂಗಡಿಯ ಮೇಲಿನ ಕೋಣೆ, ಜೊತೆಗೆ ಗೊರಕೆ ಹೊಡೆಯುವ ಎರಡನೇ ಗೋಲ್‌ಕೀಪರ್. ಅಲ್ಲಿ ಇವನು ಮಾಡಿದ ತಪ್ಪನ್ನು ಇವನ ಕಸುಬಿನವರು ಮಾತ್ರ ಮಾಡಲು ಸಾಧ್ಯ. ಕಲಿತದ್ದನ್ನೇ ನಿಯತ್ತಾಗಿ ಮಾಡಿದ. ಪ್ರತಿ ಪಂದ್ಯದಲ್ಲೂ ಡಿಫೆಂಡರುಗಳನ್ನು ಎಳೆದುಕೊಂಡು ಹೋದ. ಆದರೆ ಅಲ್ಲಿಯ ಹುಡುಗರಿಗೆ ಆ ಖಾಲಿ ಜಾಗಕ್ಕೆ ನುಗ್ಗಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು.

"ನಾನು ಬಾಗ್ಲು ತೆಗೀತಿದ್ದೆ ಸರ್, ಒಳಗೆ ಬರೋರೇ ಇರ್ಲಿಲ್ಲ," ಅನ್ನುತ್ತಾನೆ. "ಹತ್ತು ಮ್ಯಾಚ್ ಆದ್ಮೇಲೆ ನಂಗೇ ನಾಚ್ಕೆ ಆಯ್ತು. ಆದ್ರೆ ಕಾಲು ಕೇಳ್ಬೇಕಲ್ಲ? ಅದು ಕಂಬದ ಕಡೆಗೇ ಓಡೋದು."

ಮರಳಿ ಬಂದ ಮೇಲೆ ಇಲ್ಲಿನ ತಂಡದಲ್ಲಿ ಕುದುರಿಕೊಂಡ. ಈ ವರ್ಷ ಮೂವತ್ತು ಪಂದ್ಯಗಳಲ್ಲಿ ಇಪ್ಪತ್ತಾರರಲ್ಲಿ ಮೊದಲಿನಿಂದ ಆಡಿದ್ದಾನೆ. ನಾನು ಮೂರು ದಿನ ಕೂತು ತಂಡದ ನಲವತ್ತೊಂದು ಗೋಲುಗಳನ್ನೂ ಮತ್ತೆ ನೋಡಿದೆ, ಈ ಸಲ ಚೆಂಡನ್ನು ಬಿಟ್ಟು ಇವನನ್ನು. ಇಪ್ಪತ್ತೆರಡು ಗೋಲುಗಳಲ್ಲಿ ದಾರಿ ಬಿಡಿಸಿದವನು ಇವನೇ. ಇವನ ಸ್ವಂತದ್ದು ಒಂದೇ ಒಂದು, ಅದೂ ಗೋಲ್‌ಕೀಪರ್ ತಳ್ಳಿದ ಚೆಂಡು ಇವನ ಮೊಣಕಾಲಿಗೆ ಬಡಿದು ತಾನಾಗಿ ಒಳಗೆ ಹೋದದ್ದು. ಪಂದ್ಯಕ್ಕೆ ಹತ್ತಿರಹತ್ತಿರ ಹನ್ನೊಂದು ಕಿಲೋಮೀಟರ್ ಓಡುತ್ತಾನೆ. ಚೆಂಡು ಮುಟ್ಟುವುದು ಇಪ್ಪತ್ತು ಸಲ.

ಕಣ್ಣಿದ್ದೂ ಕುರುಡನಾಗಿದ್ದ ನನಗೆ ನೋಡುವುದನ್ನು ಕಲಿಸಿದವರು ಇವನ ತಾಯಿ. ಕೊನೆಯ ಪಂದ್ಯದ ದಿನ ಪತ್ರಕರ್ತರ ಗೂಡಿನಲ್ಲಿ ಜಾಗವಿರಲಿಲ್ಲ. ಗೋಲಿನ ಹಿಂದಿನ ಮೂರನೇ ಸಾಲಿನಲ್ಲಿ ಕೂತೆ. ಪಕ್ಕದಲ್ಲಿ, ಕೈತುಂಬ ಬಿಸಿ ತಾಗಿದ ಹಳೆಯ ಗುರುತುಗಳಿರುವ ಒಬ್ಬ ಹೆಂಗಸು. ಚೆಂಡು ಆ ತುದಿಯಲ್ಲಿದ್ದರೆ ಇವರು ಈ ತುದಿ ನೋಡುತ್ತಿದ್ದರು. ಆಟ ಅಲ್ಲಿದೆಯಲ್ಲಮ್ಮ ಅಂದೆ. ಅವರು ನನ್ನ ಕಡೆ ತಿರುಗಲೂ ಇಲ್ಲ. "ಚೆಂಡು ನೋಡೋಕೆ ಇಷ್ಟು ಜನ ಇದ್ದಾರಲ್ಲಪ್ಪ. ನಾನು ನನ್ ಮಗನ್ನ ನೋಡ್ತೀನಿ."

ಅವತ್ತು ಗೆದ್ದರೆ ತಂಡ ಈ ದರ್ಜೆಯಲ್ಲಿ ಉಳಿಯುತ್ತದೆ, ಇಲ್ಲದಿದ್ದರೆ ಕೆಳಕ್ಕೆ. ಪಂದ್ಯಕ್ಕೆ ಮೊದಲು ಕ್ಲಬ್ಬಿನ ಆಟಗಾರರ ವಿಭಾಗದ ಮುಖ್ಯಸ್ಥರು ಇವನ ಹೆಗಲ ಮೇಲೆ ಕೈಹಾಕಿ, ಇವತ್ತೊಂದು ಗೋಲು ಹೊಡಿ, ಮೇಲಿನವರ ಹತ್ತಿರ ನಿನ್ನ ಪರ ಮಾತಾಡೋಕೆ ನನಗೂ ಒಂದು ನೆಪ ಬೇಕು ಅಂದಿದ್ದರು. ಐದು ನಿಮಿಷದ ನಂತರ ಕೋಚ್ ಬಂದು, ಎಂದಿನ ಓಟ ಓಡು ಸಾಕು ಅಂದರು. ಅತ್ತ ದರಿ, ಇತ್ತ ಪುಲಿ.

ಎಂಬತ್ತನಾಲ್ಕನೇ ನಿಮಿಷ, ಎರಡೂ ಕಡೆ ಗೋಲಿಲ್ಲ. ಬಲಬದಿಯಿಂದ ಚೆಂಡು ಏಳುವ ಹೊತ್ತಿಗೆ ಇವನು ಗೋಲಿನ ಎದುರು ಸರಿಯಾಗಿ ನಡುವೆ ಇದ್ದ. ಕಾಲು ಕದಲಿಸದೆ ನಿಂತಿದ್ದರೆ ಚೆಂಡು ಇವನ ಹಣೆಗೇ ಬರುತ್ತಿತ್ತು. ನನ್ನ ಪಕ್ಕದ ತಾಯಿ "ನಿಲ್ಲೋ, ನಿಲ್ಲೋ ಅಲ್ಲೇ" ಅಂತ ಪಿಸುಗುಟ್ಟಿದ್ದು ಕೇಳಿಸಿತು. ಅವನು ಎಡಕ್ಕೆ ಎರಡು ಹೆಜ್ಜೆ ಹಾಕಿದ ಹಾಗೆ ಮಾಡಿ, ತಿರುಗಿ, ಕಂಬಕ್ಕೆ ಓಡಿದ. ಇಬ್ಬರು ಹಿಂದೆ ಬಂದರು. ಖಾಲಿ ಬಿದ್ದ ಜಾಗಕ್ಕೆ ತಂಡದ ಹೊಸ ತಾರೆ, ಹತ್ತೊಂಬತ್ತು ವರ್ಷದ ಹುಡುಗ, ಓಡಿಬಂದು ಚೆಂಡಿಗೆ ತಲೆ ಕೊಟ್ಟ, ಗೋಲು. ಇಡೀ ಮೈದಾನ ಎದ್ದು ನಿಂತು ಕೂಗಿತು. ತಾಯಿ ಕೂತೇ ಇದ್ದರು. ಕಂಬದ ಬುಡದಿಂದ ಮಗ ಏಳುವ ತನಕ ಅವರ ಕಣ್ಣು ಅಲ್ಲೇ ಇತ್ತು.

ನಿಲ್ಲಬಹುದಿತ್ತಲ್ಲ ಅಂತ ನಾನು ಅವನನ್ನು ಕೇಳಿದ್ದೇನೆ. "ನಿಂತಿದ್ರೆ ಆ ಇಬ್ರೂ ನನ್ ಪಕ್ಕದಲ್ಲೇ ಇರ್ತಿದ್ರು ಸರ್," ಅಂದ. "ಹತ್ತರಲ್ಲಿ ಎರಡು ಸಲ ಗೋಲ್ ಆಗ್ತಿತ್ತೇನೋ. ಓಡಿದ್ರೆ ಹತ್ತರಲ್ಲಿ ಏಳು. ಟೀಮ್ ಕೆಳಕ್ಕೆ ಹೋಗಿದ್ರೆ ಉಳಿದವರ ಕೆಲ್ಸಾನೂ ಹೋಗ್ತಿತ್ತಲ್ವಾ?"

ತಂಡ ಉಳಿಯಿತು. ನಾಲ್ಕನೇ ದಿನ ಮುಂದಿನ ವರ್ಷಕ್ಕೆ ಉಳಿಸಿಕೊಂಡವರ ಪಟ್ಟಿ ಬಂತು. ಅದರಿಂದ ಇವನನ್ನು ಬೆಣ್ಣೆಯಿಂದ ಕೂದಲು ತೆಗೆದಂತೆ ತೆಗೆದಿದ್ದರು.

ನಾನು ಆ ಮುಖ್ಯಸ್ಥರ ಕೋಣೆಗೆ ಹೋದೆ. ಎರಡನೇ ಮಹಡಿ, ಗಾಜಿನ ಬಾಗಿಲು, ಮೈದಾನ ಪೂರ್ತಿ ಕಾಣುವ ಕಿಟಕಿ. ಅವರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ ಇವನ ಹೆಸರಿನ ಮುಂದಿನ ಸಾಲು ತೋರಿಸಿದರು. ಗೋಲು ಒಂದು. ಗೋಲಿಗೆ ಕೊಟ್ಟ ಪಾಸು ಎರಡು. ಗೋಲಿನತ್ತ ಒದೆತ ಒಂಬತ್ತು. "ಫಾರ್ವರ್ಡ್ ಅಂದ್ಮೇಲೆ ಗೋಲ್ ಹೊಡೀಬೇಕಲ್ವಾ ಸಾರ್?" ಅಂದರು. ಓಡಿ ಜಾಗ ಬಿಡಿಸಿದ್ದಕ್ಕೆ ಎಲ್ಲಿದೆ ಕಾಲಂ ಅಂತ ಕೇಳಿದೆ. ಅದಕ್ಕೆ ಕಾಲಂ ಇಲ್ಲವಂತೆ.

ಈಗ ಓದುಗರಿಗೆ ಹೇಳಲೇಬೇಕಾದ ಮಾತು. ಐದು ವರ್ಷದ ಹಿಂದೆ ಇವನನ್ನು ಪಕ್ಕಕ್ಕೆ ಕೂರಿಸಿಕೊಂಡು, ಗೋಲು ಹೊಡೆಯುವುದು ಬಿಡು, ತಂಡ ನಿನ್ನ ಕೈಬಿಡೋದಿಲ್ಲ ಅಂದ ಆ ಕಿರಿಯರ ಕೋಚ್ ಇದೇ ಮಹಾನುಭಾವರು. ಇವನಂಥವರ ಓಟದಿಂದ ಗೆದ್ದ ಗೆಲುವುಗಳ ಮೇಲೆ ಕಾಲಿಟ್ಟು ಎರಡನೇ ಮಹಡಿಗೆ ಹತ್ತಿದವರು. ಹತ್ತಿದ ಏಣಿಯನ್ನು ಒದೆಯುವವರನ್ನು ಕಂಡಿದ್ದೆ, ಏಣಿಗೆ 'ನೀನ್ಯಾಕೆ ಮೇಲೆ ಬರಲಿಲ್ಲ' ಅಂತ ಕೇಳುವವರನ್ನು ಕಂಡದ್ದು ಇದೇ ಮೊದಲು. ಆ ಹಳೆಯ ಮಾತು ನೆನಪಿದೆಯೇ ಅಂದೆ. ಆಗಿನ ಆಟ ಬೇರೆ, ಈಗಿನ ಆಟ ಬೇರೆ ಅಂದು ಫೋನು ಎತ್ತಿಕೊಂಡರು. ನಾನು ಬಾಗಿಲನ್ನು ಜೋರಾಗಿಯೇ ಎಳೆದುಕೊಂಡು ಬಂದೆ.

ಕೆಳಗೆ ಮೈದಾನದ ಹುಲ್ಲು ನೋಡಿಕೊಳ್ಳುವ ಅಜ್ಜ ಸಿಕ್ಕರು. ಇಪ್ಪತ್ತಾರು ವರ್ಷದಿಂದ ಇಲ್ಲಿದ್ದಾರೆ. ನನ್ನನ್ನು ಬಲಗಂಬದ ಹತ್ತಿರ ಕರೆದುಕೊಂಡು ಹೋಗಿ ನೆಲ ತೋರಿಸಿದರು. ಒಂದು ಮೊರದಗಲದ ಜಾಗ, ಹುಲ್ಲು ಎದ್ದು ಬರೀ ಮಣ್ಣು. "ವರ್ಷ ಪೂರ್ತಿ ಬೈದಿದೀನಿ ಅವನ್ನ. ಎಷ್ಟು ಸಲ ನೆಟ್ರೂ ಕಿತ್ತಾಕ್ತಾನೆ," ಅಂದರು. ಆ ಮಣ್ಣನ್ನು ಕಾಲಿನಿಂದ ಸವರಿ, "ಆಫೀಸಿನವರು ಇದಕ್ಕೆ ಹೊಸ ಹುಲ್ಲು ಹಾಸು ಅಂದಿದ್ದಾರೆ. ಬುಧವಾರದ ತನಕ ಹಾಸೋಲ್ಲ," ಅಂದರು. ಬೆಳಿಗ್ಗೆ ಹಿಂಬದಿ ಗೇಟು ಅರ್ಧ ತೆರೆದಿರುವುದು ಇವರ ಕೆಲಸ. ಕರಾರು ಮುಗಿದವನಿಗೆ ಒಳಗೆ ಪ್ರವೇಶವಿಲ್ಲ.

ಬುಧವಾರ ನೋಡುವವರು ಮೊದಲೇ ಗೋಲುಗಳ ವಿಡಿಯೊ ಕೇಳಿದ್ದಾರೆ. ಇವನ ಗೋಲುಗಳ ವಿಡಿಯೊ ಒಟ್ಟು ಒಂಬತ್ತು ಸೆಕೆಂಡ್. ನನಗೆ ತಡೆಯಲಾಗಲಿಲ್ಲ, ಆ ಇಪ್ಪತ್ತೆರಡು ಗೋಲುಗಳನ್ನು ಜೋಡಿಸಿ ನಾನೇ ಕಳಿಸಿದೆ. ಮರುದಿನ ಉತ್ತರ ಬಂತು. ಗೋಲುಗಳು ಚೆನ್ನಾಗಿವೆ, ಇದರಲ್ಲಿ ನಿಮ್ಮ ಹುಡುಗ ಯಾರು, ಅಂತ. ಅವನಿಗೆ ಓದಿ ಹೇಳಿದಾಗ ಜೋರಾಗಿ ನಕ್ಕ. ನಗು ನಿಂತ ಮೇಲೆ ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿದ. ಹೆದರಿಕೆ ಆಗುತ್ತಾ ಅಂದೆ. "ಆಗ್ದೇ ಇರುತ್ತಾ ಸರ್. ನಂಗೆ ಬೇರೆ ಕೆಲ್ಸ ಬರೋಲ್ಲ. ಈ ಕೆಲ್ಸ ಬರುತ್ತೆ ಅಂತ ತೋರ್ಸೋಕೂ ಬರೋಲ್ಲ."

ಈ ಲೇಖನಕ್ಕೆ ಫೋಟೊ ಬೇಕಿತ್ತು. ನಮ್ಮ ಛಾಯಾಗ್ರಾಹಕರು ಚೆಂಡು ತಂದುಕೊಟ್ಟು, ಹಿಡಿದುಕೊಂಡು ನಗು ಅಂದರು. ಇವನು ಚೆಂಡನ್ನು ನಯವಾಗಿ ವಾಪಸ್ ಕೊಟ್ಟು, ಕೊನೆಯ ಪಂದ್ಯದ ಗೋಲಿನ ಫೋಟೊ ಇದೆಯಾ ಅಂತ ಕೇಳಿದ. ಅದು ಪಂದ್ಯದ ಮರುದಿನವೇ ನಮ್ಮ ಕ್ರೀಡಾಪುಟದಲ್ಲಿ ಅರ್ಧ ಪುಟದಷ್ಟು ಬಂದಿತ್ತು. ಗಾಳಿಯಲ್ಲಿ ಹೊಸ ತಾರೆ, ಒಳಗೆ ಹೋಗುತ್ತಿರುವ ಚೆಂಡು. ಅದಲ್ಲ, ಅದರ ಪೂರ್ತಿ ಫೋಟೊ, ಅಂದ. ಛಾಯಾಗ್ರಾಹಕರು ಹುಡುಕಿ ತೆಗೆದರು. ಬಲ ಅಂಚಿನಲ್ಲಿ ಮೂವರಿದ್ದರು, ಕಂಬಕ್ಕೆ ಹೆಗಲು ಬಡಿದು ಬೀಳುತ್ತಿರುವ ಇವನು, ಇವನ ಅಂಗಿ ಹಿಡಿದುಕೊಂಡು ಇಬ್ಬರು ಡಿಫೆಂಡರುಗಳು. ಜಾಗ ಸಾಲದು ಅಂತ ಆ ಮೂವರನ್ನೂ ಕತ್ತರಿಸಿದವರು ನಾವೇ.

ಈ ವಾರ ಕತ್ತರಿ ಹಾಕಿಲ್ಲ. ಪುಟದ ಮೇಲೆ ಇರುವುದು ಅದೇ ಫೋಟೊ. ನಿನ್ನ ಮುಖ ಪಕ್ಕಕ್ಕೆ ತಿರುಗಿದೆ, ಸರಿಯಾಗಿ ಕಾಣಿಸುವುದಿಲ್ಲವಲ್ಲ ಅಂದೆ.

"ನನ್ ಮುಖ ಕಾಣ್ದೇ ಇದ್ರೂ ಪರವಾಗಿಲ್ಲ ಸರ್," ಅಂದ. "ಆ ಇಬ್ರು ಕಾಣ್ಬೇಕು. ಅವರು ನನ್ ಹಿಂದೆ ಬಂದಿದ್ರು ಅನ್ನೋದು ಕಾಣ್ಬೇಕು."